ಅಟ್ಟದ ಮೇಲೆ ಕೂತು ವಿಷಯ ಇಲ್ಲ ಅಂದರೆ ಹೇಗೆ?

ಪ್ರಶ್ನೆ: ಮೇಡಂ, ನಾನು ತಿಪಟೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ಗೆಳೆಯನ ಜೊತೆ ಸೇರಿ ಪ್ರತಿ ಭಾನುವಾರ ಒಂದು ಕನ್ನಡ ಪಾಡ್‌ಕಾಸ್ಟ್ ಮಾಡುತ್ತಿದ್ದೇನೆ. 26 ಎಪಿಸೋಡ್ ಆಗಿವೆ. ಯಶಸ್ಸಿನ ಗುಟ್ಟು, ಸಮಯ ಪಾಲನೆ, ಮೊಬೈಲ್ ಗೀಳು, ಸೋಲಿನಿಂದ ಕಲಿಯುವ ಪಾಠ, ಪೋಷಕರ ಜವಾಬ್ದಾರಿ ಎಲ್ಲ ಮುಗಿಸಿದೆವು. ಡಾಕ್ಟರು, ಬ್ಯಾಂಕ್ ಮ್ಯಾನೇಜರು, ಸರ್ಕಾರಿ ಅಧಿಕಾರಿ ಎಲ್ಲರನ್ನೂ ಕರೆಸಿದೆವು. ಶುರುವಿನಲ್ಲಿ 400 ಜನ ಕೇಳುತ್ತಿದ್ದರು, ಈಗ 90. ಶನಿವಾರ ರಾತ್ರಿ ಆದರೆ ‘ನಾಳೆಗೇನು’ ಅಂತ ಇಬ್ಬರಿಗೂ ಜಗಳ. ಚಾಟ್‌ಜಿಪಿಟಿಯನ್ನು ಕೇಳಿದರೆ ನಾವು ಮಾಡಿ ಮುಗಿಸಿದ ಪಟ್ಟಿಯನ್ನೇ ಮತ್ತೆ ಕೊಡುತ್ತದೆ. ಸ್ಟುಡಿಯೋ ಇಲ್ಲ, ನಮ್ಮ ಮನೆ ಅಟ್ಟದ ಮೇಲೆ ಕೂತು ಮಾಡುತ್ತೇವೆ. ಕಾಯಿ ರಾಶಿ ಇರುವುದರಿಂದ ದನಿ ಗುಂಯ್‌ಗುಡುವುದಿಲ್ಲ. ಆದರೆ ನಮ್ಮ ತಾತ ಮಧ್ಯೆ ಮಧ್ಯೆ ಮೇಲೆ ಬಂದು ಕಾಯಿ ಅಲ್ಲಾಡಿಸಿ ನೋಡುತ್ತಾರೆ, ಆಗ ನಿಲ್ಲಿಸಬೇಕಾಗುತ್ತದೆ. ಹೊಸ ವಿಷಯಗಳು ಎಲ್ಲಿಂದ ಸಿಗುತ್ತವೆ, ಹೇಳಿ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲನೇ ಸಲ ಸುಮ್ನೆ ಓದಿದೆ. ಎರಡನೇ ಸಲ ಓದುವಾಗ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಅಟ್ಟದ ಮೇಲೆ ಕಾಯಿ ರಾಶಿ ಮಧ್ಯೆ ಕೂತಿದ್ದೀರಿ. ತಾತ ಬಂದು ಕಾಯಿ ಎತ್ತಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನೀವು ರೆಕಾರ್ಡಿಂಗ್ ನಿಲ್ಲಿಸಿ, ಅವರು ಇಳಿದು ಹೋಗುವ ತನಕ ಕಾದು, ಆಮೇಲೆ ‘ಯಶಸ್ಸಿನ ಗುಟ್ಟು’ ಮುಂದುವರಿಸುತ್ತೀರಿ!

ನಾನು ರೇಡಿಯೋದಲ್ಲಿ ಕಾರ್ಯಕ್ರಮ ಮಾಡಿಕೊಂಡು ಬಂದವಳು, ಈಗ ಕೆಲವು ವರ್ಷಗಳಿಂದ ಹೊಸಬರ ಪಾಡ್‌ಕಾಸ್ಟ್‌ಗಳನ್ನು ತಿದ್ದಿಕೊಡುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ಮುಕ್ಕಾಲು ಪಾಲು ಜನ ಹೇಳುವುದು ಇದನ್ನೇ, ‘ವಿಷಯ ಖಾಲಿಯಾಯ್ತು’ ಅಂತ. ನಿಮಗೆ ವಿಷಯದ ಬರ ಬಂದಿಲ್ಲ. ಬೇಕಾದ್ದಕ್ಕಿಂತ ದೊಡ್ಡ ವಿಷಯ ಹಿಡಿದು ಕೂತಿದ್ದೀರಿ, ಅಷ್ಟೇ.

‘ಸಮಯ ಪಾಲನೆ’ ಅನ್ನೋದು ವಿಷಯ. ಅದರ ಬಗ್ಗೆ ಯಾರು ಬೇಕಾದರೂ 50 ನಿಮಿಷ ಮಾತಾಡಬಹುದು, ಅದಕ್ಕೇ ಯಾರಿಗೂ ಕೇಳಬೇಕು ಅನ್ನಿಸುವುದಿಲ್ಲ. ‘ಬೆಳಗ್ಗೆ ಆರೂಕಾಲರ ಬಸ್ಸು ತಪ್ಪಿದರೆ ನಮ್ಮೂರಿನ ಕಾಲೇಜು ಹುಡುಗಿಯರು ಆ ದಿನ ಏನು ಮಾಡುತ್ತಾರೆ?’ ಇದು ಪ್ರಶ್ನೆ. ಇದನ್ನು ಬೆಂಗಳೂರಿನವರು ಮಾಡಲಾರರು, ಚಾಟ್‌ಜಿಪಿಟಿ ಮಾಡಲಾರದು. ನೀವು ಬಸ್‌ಸ್ಟ್ಯಾಂಡಿನಲ್ಲಿ ಒಂದು ಬೆಳಗ್ಗೆ ನಿಂತರೆ ಮಾಡಬಹುದು. ಎಪಿಸೋಡ್‌ಗೆ ಬೇಕಾದ್ದು ಉತ್ತರ ಗೊತ್ತಿಲ್ಲದ ಒಂದು ಸಣ್ಣ ಪ್ರಶ್ನೆ. ಉತ್ತರ ನಿಮಗೂ ಗೊತ್ತಿರಬಾರದು. ಅದು ಮುಖ್ಯ. ಮೇಷ್ಟ್ರುಗಳಿಗೆ ಇದು ಸ್ವಲ್ಪ ಕಷ್ಟ, ಗೊತ್ತಿರುವುದನ್ನು ಹೇಳಿಯೇ ಅಭ್ಯಾಸ ಅಲ್ವಾ.

ಈಗ ನಿಮ್ಮ ಅಟ್ಟಕ್ಕೇ ಬರೋಣ.

ತಿಪಟೂರಿನ ಉಂಡೆ ಕೊಬ್ಬರಿ ಹೇಗೆ ಆಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಆದರೆ ಮಂಗಳೂರಿನ ಕೇಳುಗನಿಗೆ ಗೊತ್ತಿಲ್ಲ. ಅವನು ನೋಡಿರುವುದು ಕಾಯಿ ಒಡೆದು ಬಿಸಿಲಿಗೆ ಹಾಕುವ ಕೊಬ್ಬರಿ. ನಿಮ್ಮಲ್ಲಿ ಸಿಪ್ಪೆ ಸಮೇತ ಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟು, ಗಿಟುಕಾಗುತ್ತದೆ. ಎಂಟು ತಿಂಗಳಾಗಬಹುದು, ವರ್ಷವೂ ಆಗಬಹುದು. ಆಯ್ತೋ ಇಲ್ಲವೋ ಅಂತ ನೋಡಿ ಹೇಳಲು ಆಗುವುದಿಲ್ಲ. ಕೇಳಿಯೇ ಹೇಳಬೇಕು. ಅಲ್ಲಾಡಿಸಿದಾಗ ನೀರಿನ ಸದ್ದು ಬಂದರೆ ಇನ್ನೂ ಕಾಯಬೇಕು, ಗಟ್ಟಿ ಉಂಡೆ ಒಳಗೆ ಲೊಟಲೊಟ ಅಂತ ಹೊರಳಿದರೆ ಇಳಿಸಬಹುದು.

ಅಂದರೆ ನಿಮ್ಮ ತಾತ ಮಾಡುತ್ತಿರುವುದು ಪೂರ್ತಿ ಕಿವಿಯ ಕೆಲಸ. ಕಿವಿಯಿಂದ ಮಾಡುವ ಇಂಥ ಕಸುಬು ಪಾಡ್‌ಕಾಸ್ಟ್‌ನವರಿಗೆ ಹುಡುಕಿದರೂ ಸಿಗುವುದಿಲ್ಲ. ನೀವು ಅದು ಶುರುವಾದ ಕೂಡಲೇ ರೆಕಾರ್ಡಿಂಗ್ ನಿಲ್ಲಿಸುತ್ತಿದ್ದೀರಿ.

ಇದರಲ್ಲಿ ಎಷ್ಟು ಪ್ರಶ್ನೆಗಳಿವೆ ನೋಡಿ. ತಾತನಿಗೆ ಆ ಸದ್ದು ಕಲಿಸಿದವರು ಯಾರು? ನಿಮಗೆ ಯಾಕೆ ಕಲಿಸಲಿಲ್ಲ? ಕಲಿಸಿದ್ದರೂ ನೀವು ಕಲಿಯಲಿಲ್ಲವೋ? ಮೂರು ಕಾಯಿ ಕೊಟ್ಟು ಕಣ್ಣು ಮುಚ್ಚಿಸಿದರೆ ನಿಮ್ಮಿಬ್ಬರಲ್ಲಿ ಯಾರು ಸರಿ ಹೇಳುತ್ತೀರಿ? ಈ ಆಟವನ್ನೇ ಮೈಕ್ ಮುಂದೆ ಆಡಿದರೆ ಹತ್ತು ನಿಮಿಷ ಹೋಗುವುದೇ ಗೊತ್ತಾಗುವುದಿಲ್ಲ. ಕೇಳುಗನೂ ಮನೆಯಲ್ಲಿ ಕೂತು ಊಹಿಸುತ್ತಾನೆ.

ಇನ್ನೊಂದು. ಇಳಿಸುವ ದಿನವನ್ನು ಮನೆಯಲ್ಲಿ ಯಾರು ತೀರ್ಮಾನ ಮಾಡುತ್ತಾರೆ? ಇದು ದೊಡ್ಡ ಜಗಳದ ಮಾತು, ನನಗೆ ಗೊತ್ತು. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಅಂತ ಇದ್ದರೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಹೋಗಿತ್ತು, ನಿಮ್ಮ ಕಡೆಯ ರೈತರು ಬೀದಿಗಿಳಿದರು. 2025ರಲ್ಲಿ ಬೆಂಬಲ ಬೆಲೆ 12,100, ಮಾರುಕಟ್ಟೆ ದರ ಅದರ ಎರಡು ಪಟ್ಟು ದಾಟಿ ಹೋಯಿತು. ಆ ವರ್ಷ ಅವಸರಕ್ಕೆ ಮೊದಲೇ ಮಾರಿಕೊಂಡವರು ಇದ್ದಾರೆ, ಎರಡು ತಿಂಗಳು ಕಾದವರೂ ಇದ್ದಾರೆ. ಅಕ್ಕಪಕ್ಕದ ಮನೆಯವರೇ ಇರಬಹುದು. ಅವರಿಬ್ಬರನ್ನು ಕೂರಿಸಿ ‘ಆ ದಿನ ಯಾಕೆ ಮಾರಿದಿರಿ?’, ‘ನೀವು ಯಾಕೆ ಮಾರಲಿಲ್ಲ?’ ಅಂತ ಕೇಳಿ. ಮಗಳ ಮದುವೆ ಬರುತ್ತದೆ, ಬೋರ್‌ವೆಲ್ ಬರುತ್ತದೆ, ಬ್ಯಾಂಕ್ ಕಂತು ಬರುತ್ತದೆ, ಅಟ್ಟಕ್ಕೆ ಇಲಿ ಬಂದದ್ದೂ ಬರುತ್ತದೆ. ನೀವು ಒಂದು ಎಪಿಸೋಡ್ ಪೂರ್ತಿ ‘ಸರಿಯಾದ ಸಮಯಕ್ಕೆ ಸರಿಯಾದ ನಿರ್ಧಾರ’ ಅಂತ ಭಾಷಣ ಮಾಡಿರುತ್ತೀರಿ ಅಂತ ನನ್ನ ಊಹೆ. ಅದೇ ಮಾತು ಇಲ್ಲಿದೆ. ಇಲ್ಲಿ ಅದಕ್ಕೆ ರೇಟಿದೆ, ತಾರೀಖಿದೆ, ಹೊಟ್ಟೆಯುರಿ ಇದೆ.

ಆ ಕೊಬ್ಬರಿ ಆಮೇಲೆ ಉತ್ತರ ಭಾರತಕ್ಕೆ ಹೋಗುತ್ತದೆ, ಹಬ್ಬಕ್ಕೆ, ಮದುವೆಗೆ, ಒಣಹಣ್ಣಿನ ಜೊತೆ. ಅಲ್ಲಿ ಅದನ್ನು ಕೊಳ್ಳುವವನಿಗೆ ತಿಪಟೂರು ಅಂದರೆ ಏನು ಗೊತ್ತು? ನಿಮ್ಮೂರಿನ ಮಂಡಿಯವರಿಗೆ ದೆಹಲಿ ವ್ಯಾಪಾರಿಯ ಫೋನ್ ನಂಬರ್ ಇದ್ದೇ ಇರುತ್ತದೆ. ಒಂದು ಕರೆ ಸಾಕು. ಹಿಂದಿ ಬರದಿದ್ದರೆ ಇನ್ನೂ ಚೆನ್ನಾಗಿರುತ್ತದೆ, ಮಂಡಿಯವರೇ ಮಧ್ಯೆ ನಿಂತು ಹೇಳಲಿ.

ಚಿಪ್ಪು ಎಲ್ಲಿಗೆ ಹೋಗುತ್ತದೆ, ನಾರು ಎಲ್ಲಿಗೆ ಹೋಗುತ್ತದೆ, ಕಾಯಿ ಸುಲಿಯುವವರ ಅಂಗೈ ಹೇಗಿರುತ್ತದೆ, ಅವನ್ನು ನಿಮಗೇ ಬಿಡುತ್ತೇನೆ. ಕೊಬ್ಬರಿ ಪಾಡ್‌ಕಾಸ್ಟ್ ಮಾಡಿ ಅಂತ ನಾನು ಹೇಳುತ್ತಿಲ್ಲ. ಒಂದು ಅಟ್ಟದಲ್ಲಿ ಇಷ್ಟು ಇದ್ದರೆ ಊರಿನಲ್ಲಿ ಎಷ್ಟಿರಬೇಡ?

ಅಂದ ಹಾಗೆ, ಸ್ಟುಡಿಯೋ ಇಲ್ಲ ಅಂತ ಸಂಕೋಚಪಟ್ಟುಕೊಂಡಂತೆ ಬರೆದಿದ್ದೀರಿ. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ರೇಡಿಯೋ ಕೇಂದ್ರ ಶುರು ಮಾಡಿದ್ದು ತಮ್ಮ ಮನೆಯಲ್ಲೇ. ಅವರೂ ಮೇಷ್ಟ್ರೇ, ಮನಶ್ಶಾಸ್ತ್ರ ಹೇಳಿಕೊಡುತ್ತಿದ್ದವರು. ‘ಆಕಾಶವಾಣಿ’ ಅನ್ನುವ ಹೆಸರು ಬಂದದ್ದು ಆ ಮನೆಯ ಕೇಂದ್ರದಿಂದ. ಅಟ್ಟ ಸಾಕು.

ಇನ್ನು ಅತಿಥಿಗಳ ವಿಚಾರ. ಡಾಕ್ಟರು, ಮ್ಯಾನೇಜರು, ಅಧಿಕಾರಿ ಬಂದರು, ಆದರೂ ಕೇಳುಗರು ಇಳಿದರು ಅಂದಿರಿ. ನನ್ನದೇ ಒಂದು ಪೆಟ್ಟು ಹೇಳುತ್ತೇನೆ.

ತುಂಬಾ ವರ್ಷದ ಹಿಂದೆ ನಿವೃತ್ತ ಬಸ್ ಕಂಡಕ್ಟರ್ ಒಬ್ಬರನ್ನು ಮಾತಾಡಿಸಲು ಹೋಗಿದ್ದೆ. ಕಾಗದದಲ್ಲಿ ಹನ್ನೆರಡು ಪ್ರಶ್ನೆ ಬರೆದುಕೊಂಡಿದ್ದೆ. ಮೊದಲನೆಯದು, ‘ನಿಮ್ಮ ವೃತ್ತಿ ಜೀವನದ ಅನುಭವ ಹಂಚಿಕೊಳ್ಳಿ.’ ಪಾಪ, ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನೆಟ್ಟಗೆ ಕೂತಿದ್ದರು. ‘ಪ್ರಯಾಣಿಕರೇ ನಮ್ಮ ದೇವರು’ ಅಂತ ಶುರು ಮಾಡಿ ಮುಕ್ಕಾಲು ಗಂಟೆ ಭಾಷಣ ಮಾಡಿದರು. ನಾನು ತಲೆಯಾಡಿಸಿದೆ. ಮುಗಿಯಿತು, ವೈರ್ ಸುತ್ತಿದೆ, ಅವರ ಮನೆಯವರು ಕಾಫಿ ತಂದುಕೊಟ್ಟರು. ಕಾಫಿ ಕುಡಿಯುತ್ತಾ ಸುಮ್ನೆ ಕೇಳಿದೆ, ‘ಸರ್, ಟಿಕೆಟ್ ಹಿಂದೆ ಚಿಲ್ಲರೆ ಬಾಕಿ ಬರೆದುಕೊಡುತ್ತಿದ್ದಿರಲ್ಲ, ಕೆಲವರು ಮರೆತು ಇಳಿದುಬಿಡುತ್ತಾರೆ. ಆ ದುಡ್ಡು ಏನಾಗುತ್ತೆ?’

ಅವರು ಲೋಟ ಕೆಳಗಿಟ್ಟರು. ಮುಖವೇ ಬೇರೆಯಾಯಿತು. ‘ಅಮ್ಮಾ, ಅದೇ ನಮ್ಮ ತಲೆನೋವು. ದುಡ್ಡು ಕಮ್ಮಿ ಬಂದರೆ ಕೈಯಿಂದ ಕಟ್ಟಬೇಕು ಅಂತ ಎಲ್ಲರಿಗೂ ಗೊತ್ತು. ಚೆಕಿಂಗ್‌ನವರು ಹತ್ತಿದಾಗ ಬ್ಯಾಗಲ್ಲಿ ದುಡ್ಡು ಜಾಸ್ತಿ ಇದ್ದರೂ ಕೇಸೇ. ಮರೆತು ಇಳಿದವನ ಎಂಟು ರೂಪಾಯಿಗೆ ನಾನು ಕಳ್ಳ ಆಗಬೇಕು’ ಅಂದರು. ಆಮೇಲೆ ಯಾವ ಸ್ಟಾಪ್‌ನಲ್ಲಿ ಯಾರು ಮರೆಯುತ್ತಾರೆ, ಮರೆತವನನ್ನು ಹಿಡಿಯಲು ಬಸ್ಸು ನಿಲ್ಲಿಸಿ ಓಡಿದ್ದು, ಒಬ್ಬ ಅಜ್ಜಿ ಮೂರು ತಿಂಗಳು ಬಿಟ್ಟು ಹಳೇ ಟಿಕೆಟ್ ತಂದು ತೋರಿಸಿದ್ದು, ಎಲ್ಲ ಬಂತು. ರೆಕಾರ್ಡರ್ ಬ್ಯಾಗಿನಲ್ಲಿತ್ತು. ತೆಗೆದು ಆನ್ ಮಾಡಿದೆ. ಅವರು ಮತ್ತೆ ನೆಟ್ಟಗೆ ಕೂತು, ‘ಹ್ಞೂಂ, ಏನು ಹೇಳಬೇಕು?’ ಅಂದರು. ಹೋಯ್ತು, ಅಲ್ಲಿಗೆ ಮುಗೀತು.

ಅವತ್ತಿನಿಂದ ನಾನು ಮಾಡುವುದು ಇಷ್ಟೇ. ಯಾರನ್ನೇ ಮಾತಾಡಿಸಲು ಹೋದರೂ ಅವರ ಕೆಲಸದ ಒಂದು ಸಣ್ಣ ಪೇಚಾಟದಿಂದ ಶುರು ಮಾಡುತ್ತೇನೆ. ನಿಮ್ಮ ಬ್ಯಾಂಕ್ ಮ್ಯಾನೇಜರನ್ನು ‘ಉಳಿತಾಯದ ಮಹತ್ವ’ ಅಂತ ಕೇಳಿದ್ದೀರಿ ಅನ್ನಿಸುತ್ತದೆ. ಸಹಿ ಹೊಂದುತ್ತಿಲ್ಲ ಅಂತ ಹೇಳಿದಾಗ ವಯಸ್ಸಾದವರು ಏನು ಮಾಡುತ್ತಾರೆ, ಕೈ ನಡುಗಿ ಸಹಿ ಬದಲಾದವರಿಗೆ ಇವರು ಏನು ಹೇಳುತ್ತಾರೆ, ಅಂತ ಕೇಳಿ ನೋಡಿ. ಅದೇ ಮ್ಯಾನೇಜರು, ಅದೇ ಕುರ್ಚಿ, ಎಪಿಸೋಡ್ ಬೇರೆ. ಹೊಸ ಅತಿಥಿಯೇ ಬೇಕು ಅಂತೇನಿಲ್ಲ.

ಇದರಿಂದಲೇ ನಿಮ್ಮ ಮೊದಲ ಹೋಂವರ್ಕ್. ಹಳೆಯ 26 ಎಪಿಸೋಡ್‌ಗಳನ್ನು ಪೆನ್ನು ಹಿಡಿದು ಕೂತು ಕೇಳಿ. ನಿಮ್ಮದೇ ದನಿ ಕೇಳಲು ಮುಜುಗರ ಆಗುತ್ತದೆ, ಎಲ್ಲರಿಗೂ ಆಗುತ್ತದೆ, ಕೇಳಿ. ಎಲ್ಲೆಲ್ಲಿ ನೀವು ‘ಹೌದು ಹೌದು, ತುಂಬಾ ಚೆನ್ನಾಗಿ ಹೇಳಿದಿರಿ, ಈಗ ಮುಂದಿನ ಪ್ರಶ್ನೆ’ ಅಂದಿದ್ದೀರೋ ಅಲ್ಲಿ ನಿಲ್ಲಿಸಿ. ಅದರ ಹಿಂದಿನ ಒಂದು ನಿಮಿಷ ಮತ್ತೆ ಕೇಳಿ. ಹತ್ತರಲ್ಲಿ ಮೂರು ಸಲವಾದರೂ ಅತಿಥಿ ಅಲ್ಲಿ ಏನೋ ಒಂದು ಬಾಗಿಲು ತೆಗೆದಿರುತ್ತಾರೆ, ನೀವು ಒಳಗೆ ಹೋಗದೆ ಮುಂದಿನ ಮನೆಗೆ ನಡೆದಿರುತ್ತೀರಿ. ಡಾಕ್ಟರು ಮಾತಿನ ನಡುವೆ ‘ನಮ್ಮ ಹಳ್ಳಿ ಕಡೆ ಜನ ಮಾತ್ರೆ ಬಣ್ಣ ನೋಡಿ ನಂಬುತ್ತಾರೆ’ ಅಂದಿರಬಹುದು. ನೀವು ‘ಹೌದು ಸರ್’ ಅಂದಿರುತ್ತೀರಿ. ಬಣ್ಣ ಅಂದರೆ ಯಾವ ಬಣ್ಣ? ಕೆಂಪು ಮಾತ್ರೆ ಕೊಟ್ಟರೆ ಏನಂದುಕೊಳ್ಳುತ್ತಾರೆ? ಇದು ಒಂದು ಎಪಿಸೋಡ್ ಅಲ್ವಾ?

ಇದರ ಜೊತೆಗೆ ಗ್ರಾಫ್ ಕೂಡ ನೋಡಿ. ಸ್ಪಾಟಿಫೈಯಲ್ಲಿ, ಯೂಟ್ಯೂಬ್‌ನಲ್ಲಿ ಕೇಳುಗರು ಯಾವ ನಿಮಿಷಕ್ಕೆ ಎದ್ದು ಹೋದರು ಅಂತ ಗೆರೆ ಬರುತ್ತದೆ. ಎಲ್ಲರೂ ಗೆರೆ ಎಲ್ಲಿ ಬಿತ್ತು ಅಂತ ನೋಡಿ ಕೊರಗುತ್ತಾರೆ. ಎಲ್ಲಿ ಬೀಳದೆ ಸಮವಾಗಿ ಹೋಯಿತು ಅಂತ ನೋಡಿ. ಆ ನಾಲ್ಕು ನಿಮಿಷದಲ್ಲಿ ಏನು ಮಾತಾಡುತ್ತಿದ್ದಿರಿ? ಮುಂದಿನ ವಿಷಯ ಅಲ್ಲಿರುತ್ತದೆ.

ಈಗ ಶನಿವಾರ ರಾತ್ರಿಯ ಜಗಳ. ಶನಿವಾರ ರಾತ್ರಿ ವಿಷಯ ಹುಡುಕಿದರೆ ಸಿಗುವುದು ಎಲ್ಲರಿಗೂ ಸಿಗುವಂಥದ್ದೇ. ಅಂಗಡಿ ಮುಚ್ಚುವ ಹೊತ್ತಿಗೆ ತರಕಾರಿ ತರಲು ಹೋದ ಹಾಗೆ, ಬಾಡಿದ ಬೀನ್ಸು ಬಿಟ್ಟರೆ ಇನ್ನೇನೂ ಇರುವುದಿಲ್ಲ. ವಾರವಿಡೀ ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಇರಲಿ. ಫೋನಿನಲ್ಲಿ ಬರೆದರೂ ಆದೀತು, ಆದರೆ ಫೋನ್ ತೆಗೆದರೆ ವಾಟ್ಸಾಪ್ ಕಾಣುತ್ತದೆ, ಬರೆಯುವುದು ಮರೆಯುತ್ತದೆ. ಅದರಲ್ಲಿ ‘ಐಡಿಯಾ’ ಬರೆಯಬೇಡಿ. ‘ಅರೆ, ಇದೇನಿದು’ ಅನ್ನಿಸಿದ್ದನ್ನು ಮಾತ್ರ ಬರೆಯಿರಿ. ನೀವು ಮೇಷ್ಟ್ರು, ನಿಮಗೆ ಸ್ಟಾಫ್‌ರೂಮ್ ಒಂದೇ ಸಾಕು. ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿಗೆ ಒಂದಕ್ಷರ ತಪ್ಪಾದ ಹುಡುಗ ಹತ್ತು ವರ್ಷ ಬಿಟ್ಟು ಬಂದು ನಿಂತಿರುತ್ತಾನೆ. ಪತ್ರಿಕೆಯ ಒಳಪುಟದಲ್ಲಿ ‘ಹೆಸರು ಬದಲಾವಣೆ’ ಅಂತ ಸಣ್ಣ ಜಾಹೀರಾತು ಬರುತ್ತದಲ್ಲ, ಅದನ್ನು ಕೊಟ್ಟವರಲ್ಲಿ ಅರ್ಧ ಜನರ ಕಥೆ ಒಂದು ಶಾಲೆಯ ದಾಖಲಾತಿ ಪುಸ್ತಕದಿಂದ ಶುರುವಾಗಿರುತ್ತದೆ ಅಂತ ನನ್ನ ಅನುಮಾನ. ಜಾಹೀರಾತು ಕೊಟ್ಟ ಒಬ್ಬರನ್ನು ಹುಡುಕಿ, ಯಾಕೆ ಅಂತ ಕೇಳಿ. ಹೆಸರು ಹಾಕಲು ಒಪ್ಪದಿದ್ದರೆ ಹೆಸರಿಲ್ಲದೆ ಮಾಡಿ. ಹುಡುಗರ ವಿಚಾರ ಆದರೆ ಮನೆಯವರ ಒಪ್ಪಿಗೆ ಇಲ್ಲದೆ ಮುಟ್ಟಲೇಬೇಡಿ.

ವಾರಕ್ಕೊಂದು ಬೇಕೇ ಬೇಕಾ? ಇದನ್ನು ಯಾರು ನಿಮಗೆ ಹೇಳಿದರೋ ಗೊತ್ತಿಲ್ಲ. ನಿಮಗೆ ಶಾಲೆ ಇದೆ, ಪೇಪರ್ ತಿದ್ದುವುದಿದೆ, ಚುನಾವಣೆ ಡ್ಯೂಟಿ ಬರುತ್ತದೆ. ಎರಡು ವಾರಕ್ಕೊಂದು ಮಾಡಿ. ಅದಕ್ಕೆ ನಮ್ಮಲ್ಲಿ ಸಿದ್ಧ ಕ್ಯಾಲೆಂಡರ್ ಒಂದಿದೆ, ಮಳೆ ನಕ್ಷತ್ರ. ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನ. ಏಪ್ರಿಲ್ ಕೊನೆಗೆ ಭರಣಿ, ಆಮೇಲೆ ಕೃತ್ತಿಕೆ, ರೋಹಿಣಿ, ಮೃಗಶಿರ, ಜೂನ್ 22ರ ಹೊತ್ತಿಗೆ ಆರಿದ್ರ, ಹೀಗೆ ನವೆಂಬರಿನ ವಿಶಾಖೆಯ ತನಕ. ಪಾಡ್‌ಕಾಸ್ಟ್‌ಗೇ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಒಂದೊಂದು ಮಳೆಗೂ ಗಾದೆ ಇದೆ, ‘ಭರಣಿ ಮಳೆ, ಧರಣಿ ಬೆಳೆ’, ‘ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ’. ಗಾದೆ ಈಗಲೂ ನಿಜವಾ? ಭರಣಿ ನಂಬಿ ಹೆಸರುಕಾಳು ಹಾಕಿದವರಿಗೆ ಈ ವರ್ಷ ಏನಾಯ್ತು? ಬರೀ ಬೇಸಾಯ ಅಂದುಕೊಳ್ಳಬೇಡಿ. ರೋಹಿಣಿ ಮಳೆಯಲ್ಲಿ ಶಾಲೆ ಶುರು, ಹೊಸ ಚಪ್ಪಲಿ ಕೆಸರಾಗುವ ಕಾಲ. ಆರಿದ್ರದಲ್ಲಿ ಕರೆಂಟು ಹೋಗುತ್ತದೆ, ರಾತ್ರಿ ಕಂಬ ಹತ್ತುವ ಲೈನ್‌ಮನ್‌ಗೆ ಮನೆಯಿಂದ ಎಷ್ಟು ಫೋನ್ ಬರುತ್ತದೆ? ಮಳೆ ಹೆಸರು ಹೇಳಿದರೆ ಹಳ್ಳಿಯವರು ಕಿವಿಗೊಡುತ್ತಾರೆ, ಅಮೆರಿಕದಲ್ಲಿ ಕೂತ ನಮ್ಮವರಿಗೆ ಅಮ್ಮನ ನೆನಪಾಗುತ್ತದೆ.

ಬೇಸಿಗೆಯಲ್ಲಿ ಒಂದು ತಿಂಗಳು ಪೂರ್ತಿ ನಿಲ್ಲಿಸಿ. ಯಕ್ಷಗಾನದ ಮೇಳಗಳೇ ವರ್ಷವಿಡೀ ಕುಣಿಯುವುದಿಲ್ಲ, ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ದಿನ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತಾರೆ. ಹೇಳಿ ನಿಲ್ಲಿಸಿದರೆ ಕೇಳುಗರು ಕಾಯುತ್ತಾರೆ. ಹೇಳದೆ ನಿಲ್ಲಿಸಿದರೆ ಮರೆಯುತ್ತಾರೆ.

ಆ 90 ಜನರ ಬಗ್ಗೆ ಒಂದು ಮಾತು. ನಿಮ್ಮ ಶಾಲೆಯ ಎರಡು ತರಗತಿಯಷ್ಟು ಜನ ಅವರು. ಬಿಟ್ಟು ಹೋಗಲು ಬೇಕಾದಷ್ಟು ಕಾರಣ ಇದ್ದರೂ ಹೋಗದೆ ಕೂತವರು. ಅವರನ್ನು ‘ನಿಮಗೆ ಯಾವ ವಿಷಯ ಬೇಕು, ಕಮೆಂಟ್ ಮಾಡಿ’ ಅಂತ ಕೇಳಿದ್ದೀರಾ? ಕೇಳಿರುತ್ತೀರಿ, ಯಾರೂ ಹೇಳಿರುವುದಿಲ್ಲ. ಮದುವೆ ಮನೆಯಲ್ಲಿ ‘ಏನು ಬಡಿಸಲಿ?’ ಅಂದರೆ ಎಲ್ಲರೂ ‘ಸಾಕು ಸಾಕು’ ಅಂತಾರೆ. ‘ಹೋಳಿಗೆಗೆ ತುಪ್ಪವೋ ಹಾಲೋ?’ ಅಂತ ಕೇಳಿ, ಆಗ ಬಾಯಿ ಬಿಡುತ್ತಾರೆ. ಪ್ರಶ್ನೆ ಕಿರಿದಾಗಿರಬೇಕು. ‘ನಿಮ್ಮ ಮನೆಯಲ್ಲಿ ಕೆಟ್ಟುಹೋದರೂ ಬಿಸಾಡದೆ ಇಟ್ಟುಕೊಂಡಿರುವ ಒಂದು ವಸ್ತು ಯಾವುದು? ಯಾಕೆ? ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿ.’ ಹತ್ತು ಜನ ಕಳಿಸಿದರೆ ಒಂದು ಎಪಿಸೋಡ್ ಆಯಿತು. ಆ ಹತ್ತರಲ್ಲಿ ಒಬ್ಬರು ಹೇಳುವ ಹೊಲಿಗೆ ಮೆಷಿನ್‌ದೋ ಟೇಪ್‌ರೆಕಾರ್ಡರ್‌ದೋ ಕಥೆ ಮುಂದಿನ ಎಪಿಸೋಡ್ ಆಗುತ್ತದೆ. ರೇಡಿಯೋದಲ್ಲಿ ನಾವು ಕೇಳುಗರ ಪತ್ರಗಳನ್ನು ಹೀಗೇ ಜರಡಿ ಹಿಡಿಯುತ್ತಿದ್ದೆವು. ಹಾಡು ಕೇಳಿ ಬರೆದ ಕಾಗದದ ಕೊನೆಯಲ್ಲಿ ಎರಡು ಸಾಲು ಮನೆ ಸುದ್ದಿ ಇರುತ್ತಿತ್ತು. ನಮಗೆ ಬೇಕಾದ್ದು ಆ ಎರಡು ಸಾಲು. ನಿಮ್ಮ ಪತ್ರದಲ್ಲೂ ಅಷ್ಟೇ ಆಯ್ತು ನೋಡಿ, ತಾತ ಬಂದದ್ದು ಕೊನೆಯಲ್ಲಿ.

ಟ್ರೆಂಡಿಂಗ್ ವಿಷಯದ ಹಿಂದೆ ಹೋಗಬೇಡಿ. ಬಿಸಿ ಸುದ್ದಿಯನ್ನು ಟೀವಿಯವರು ಸಾಯಂಕಾಲದೊಳಗೆ ಜಗಿದು ಉಗಿದಿರುತ್ತಾರೆ, ನೀವು ಭಾನುವಾರ ಅದನ್ನೇ ಎತ್ತಿಕೊಂಡರೆ ಯಾರಿಗೆ ಬೇಕು? ಆರಿದ ಸುದ್ದಿ ಹಿಡಿಯಿರಿ. ಎರಡು ವರ್ಷದ ಹಿಂದೆ ನಿಮ್ಮೂರಲ್ಲಿ ಟೇಪ್ ಕತ್ತರಿಸಿದ ಒಂದು ನೀರಿನ ಘಟಕ ಇರುತ್ತದೆ. ಐದು ರೂಪಾಯಿ ನಾಣ್ಯ ಹಾಕಿದರೆ ಈಗ ನೀರು ಬರುತ್ತದಾ? ಮೈಕ್ ಹಿಡಿದು ನಾಣ್ಯ ಹಾಕಿ. ಬಂದರೂ ಎಪಿಸೋಡ್, ಬರದಿದ್ದರೂ ಎಪಿಸೋಡ್.

ಚಾಟ್‌ಜಿಪಿಟಿ ಬಗ್ಗೆ ನನಗೆ ಸಿಟ್ಟೇನಿಲ್ಲ, ನಾನೂ ಬಳಸುತ್ತೇನೆ. ಆದರೆ ಖಾಲಿ ಕೈಯಲ್ಲಿ ಹೋಗಿ ‘ವಿಷಯ ಕೊಡು’ ಅಂದರೆ ಅದು ಎಲ್ಲರಿಗೂ ಕೊಟ್ಟದ್ದನ್ನೇ ಕೊಡುತ್ತದೆ, ಇನ್ನೇನು ಮಾಡುತ್ತದೆ ಪಾಪ. ನೀವು ಮಂಡಿಯವರ ಜೊತೆ ಮಾತಾಡಿದ್ದನ್ನು ಬರಹಕ್ಕೆ ಇಳಿಸಿ ಅದರ ಮುಂದಿಟ್ಟು, ‘ನಾನು ಕೇಳದೆ ಬಿಟ್ಟ ಪ್ರಶ್ನೆ ಯಾವುದು?’ ಅಂತ ಕೇಳಿ. ಹತ್ತು ಹೇಳುತ್ತದೆ, ಎಂಟು ಕೆಲಸಕ್ಕೆ ಬರುವುದಿಲ್ಲ, ಎರಡು ಬರುತ್ತವೆ. ಕನ್ನಡದ ಆಡುಮಾತು ಬರಹಕ್ಕೆ ಇಳಿಯುವಾಗ ತಪ್ಪು ಜಾಸ್ತಿ ಇರುತ್ತದೆ, ಕೈಯಲ್ಲಿ ತಿದ್ದಿಕೊಳ್ಳಬೇಕು. ತಾತನ ಮಾತಂತೂ ಅದಕ್ಕೆ ಅರ್ಥವೇ ಆಗಲಿಕ್ಕಿಲ್ಲ.

ಇಷ್ಟೆಲ್ಲ ಬರೆದುಕೊಂಡ ಮೇಲೆ ಯಾವುದನ್ನು ಮಾಡುವುದು, ಯಾವುದನ್ನು ಬಿಡುವುದು? ನಾನು ಮಾಡುವುದನ್ನು ಹೇಳುತ್ತೇನೆ. ನಮ್ಮ ಅತ್ತಿಗೆಗೆ ಪಾಡ್‌ಕಾಸ್ಟ್ ಅಂದರೆ ಅಲರ್ಜಿ. ಅವರು ಸಾರಿಗೆ ಒಗ್ಗರಣೆ ಹಾಕುವಾಗ ಹೋಗಿ ಒಂದೇ ವಾಕ್ಯದಲ್ಲಿ ಪ್ರಶ್ನೆ ಹೇಳುತ್ತೇನೆ. ‘ಹೌದಾ’ ಅಂದರೆ ಬಿಟ್ಟುಬಿಡುತ್ತೇನೆ. ‘ಆಮೇಲೆ?’ ಅಂದರೆ ಇಟ್ಟುಕೊಳ್ಳುತ್ತೇನೆ. ಸೌಟು ಹಿಡಿದ ಕೈ ನಿಂತರೆ ಆ ವಾರವೇ ಮಾಡುತ್ತೇನೆ. ಕಂಡಕ್ಟರ ಚಿಲ್ಲರೆ ಕಥೆಗೆ ಸಾಸಿವೆ ಹೊತ್ತಿಹೋಗಿತ್ತು. ನಿಮ್ಮ ಮನೆಯಲ್ಲೂ ನಿಮ್ಮ ಪಾಡ್‌ಕಾಸ್ಟ್ ಕೇಳದವರು ಒಬ್ಬರು ಇದ್ದೇ ಇರುತ್ತಾರೆ. ಮರ್ಯಾದೆಗೆ ‘ಚೆನ್ನಾಗಿದೆ’ ಅನ್ನುವ ಗೆಳೆಯರ ಹತ್ತಿರ ಮಾತ್ರ ಹೋಗಬೇಡಿ.

50 ನಿಮಿಷವೂ ಬೇಡ. ಪ್ರಶ್ನೆಗೆ ಉತ್ತರ ಸಿಕ್ಕ ಕೂಡಲೇ ಎಪಿಸೋಡ್ ಮುಗಿಯಿತು, ಅದು 14 ನಿಮಿಷ ಆದರೆ 14. ಒಂದು ಗಂಟೆ ಹಿಡಿಯುವ ಪ್ರಶ್ನೆ ವರ್ಷಕ್ಕೆ ಎರಡೋ ಮೂರೋ ಸಿಗುತ್ತವೆ.

ಈ ಭಾನುವಾರದ್ದು ಮಾತ್ರ ನಾನೇ ಹೇಳಿಬಿಡುತ್ತೇನೆ, ಆಮೇಲಿನದು ನಿಮ್ಮದು. ಅಟ್ಟ ಹತ್ತಿ, ರೆಕಾರ್ಡರ್ ಆನ್ ಮಾಡಿ, ಇಬ್ಬರೂ ಏನಾದರೂ ಮಾತಾಡಿಕೊಂಡು ಕೂತಿರಿ. ತಾತ ಬರುತ್ತಾರೆ. ರೆಕಾರ್ಡ್ ಆಗ್ತಿದೆ ತಾತ, ಪರವಾಗಿಲ್ವಾ ಅಂತ ಒಂದು ಮಾತು ಕೇಳಿ. ‘ಆಗಲಿ ಬಿಡು’ ಅಂತಾರೆ, ನೋಡಿ ಬೇಕಾದರೆ. ಅವರು ಕಾಯಿ ಅಲ್ಲಾಡಿಸುವಾಗ ಮೈಕನ್ನು ಅವರ ಬಾಯಿಗೆ ಹಿಡಿಯಬೇಡಿ, ಕಾಯಿ ಪಕ್ಕ ಹಿಡಿಯಿರಿ. ‘ಇದು ಆಗಿದೆಯಾ ತಾತ?’ ಅಂತ ಕೇಳಿ ಸುಮ್ಮನಿರಿ. ಅವರು ಬೇಗ ಉತ್ತರ ಕೊಡದಿದ್ದರೂ ನೀವು ಬಾಯಿ ಹಾಕಬೇಡಿ. ಎಡಿಟ್ ಮಾಡುವಾಗ ಆ ಮೌನ ಕತ್ತರಿಸಬೇಡಿ. ಲಿಂಕ್ ನನಗೆ ಕಳಿಸಿ. ‘ನಮಸ್ಕಾರ ಕೇಳುಗರೇ’ಗಿಂತ ಮೊದಲು ನನಗೆ ಆ ಕಾಯಿ ಸದ್ದು ಕೇಳಿಸಬೇಕು.